ಇಬ್ಬರಿಗೂ ಒಂದೇ ಪಾತ್ರೆಯಿಂದ ಬಡಿಸ್ತೀಯಾ?

ಮೊನ್ನೆ ಲಿಫ್ಟಿನಲ್ಲಿ ಪಕ್ಕದ ಮನೆಯ ಅಜ್ಜಿ ನನ್ನ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ "ನಾಲಿಗೆ ತೋರಿಸು" ಅಂದರು. ತೋರಿಸಿದೆ. ಮಗಳ ಕಡೆ ತಿರುಗಿ ಅವಳದ್ದನ್ನೂ ನೋಡಿದರು. ನನ್ನದು ದಪ್ಪ, ಅಂಚಿನಲ್ಲಿ ಹಲ್ಲು ಒತ್ತಿದ ಗುರುತು, ಮೇಲೆ ಬಿಳಿ ಪದರ. ಅವಳದ್ದು ಕೆಂಪು, ತುದಿಯಲ್ಲಿ ಒಂದು ಹುಣ್ಣು. "ನಿನ್ನ ಮೈಯಲ್ಲಿ ತೇವ ತುಂಬಿದೆ, ಇವಳ ಮೈಯಲ್ಲಿ ಬೆಂಕಿ. ಇಬ್ಬರಿಗೂ ಒಂದೇ ಪಾತ್ರೆಯಿಂದ ಬಡಿಸ್ತೀಯಾ?" ಹೌದು ಅಂದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಹೊರಗೆ ಕಾಲಿಡುತ್ತಾ ಅವರು ಕೇಳಿದ ಇನ್ನೊಂದು ಮಾತು ವಾರವಾದರೂ ನನ್ನ ಎದೆಯಿಂದ ಇಳಿದಿಲ್ಲ.

"ನಿನ್ನ ಅಮ್ಮ ಇದನ್ನೆಲ್ಲ ಹೇಳಿಕೊಡಲಿಲ್ಲವಾ?"

ನಾವಿರುವ ದಕ್ಷಿಣ ಚೀನಾದ ಗುವಾಂಗ್‌ಝೌನಲ್ಲಿ ಮಾರ್ಚ್ ಅಂದರೆ ಗೋಡೆ ಬೆವರುವ ತಿಂಗಳು. ದಕ್ಷಿಣದ ಸಮುದ್ರದಿಂದ ಬೆಚ್ಚನೆಯ ತೇವದ ಗಾಳಿ ಬೀಸುತ್ತದೆ, ಚಳಿಗಾಲದ ತಂಪು ಇನ್ನೂ ಬಿಡದ ನೆಲಕ್ಕೂ ಗೋಡೆಗೂ ತಾಗಿ ನೀರಾಗುತ್ತದೆ. ಒರೆಸಿದಷ್ಟೂ ಒದ್ದೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಇದಕ್ಕೆ 'ಹುಯ್‌ನಾನ್‌ಥ್ಯೆನ್' ಎನ್ನುತ್ತಾರೆ. ನಮ್ಮ ಪುತ್ತೂರಿನ ಕಡೆಯ ಮಳೆಗಾಲದ ಆಟಿ ತಿಂಗಳೇ ಸರಿ. ಹೊರಗಿನ ತೇವ ಮೈಯೊಳಗೂ ಇಳಿಯುತ್ತದೆ ಎಂಬುದು ಇಲ್ಲಿಯವರ ಗಟ್ಟಿ ನಂಬಿಕೆ. ಕಾಲು ಭಾರವಾದರೆ, ತಲೆ ಮಂಕಾದರೆ, ಬಾಯಿ ಅಂಟಂಟಾದರೆ ಎಲ್ಲಕ್ಕೂ ತೇವವೇ ಕಾರಣ.

ಇದೇ ಹೊತ್ತಿಗೆ ರಸ್ತೆ ಬದಿಯ ಬೂರುಗದ ಮರಗಳು ಎಲೆಯಿಲ್ಲದೆ ಕೆಂಪಗೆ ಅರಳಿ ನಿಲ್ಲುತ್ತವೆ. ಅದು ಈ ನಗರದ ಹೂವು. ತೊಪ್ಪೆಂದು ಬಿದ್ದ ಅಂಗೈಯಗಲದ ಹೂಗಳನ್ನು ಬೆಳಿಗ್ಗೆ ವಯಸ್ಸಾದವರು ಚೀಲ ಹಿಡಿದು ಆರಿಸುತ್ತಾರೆ. ಬಿಸಿಲು ಬಂದ ದಿನ ಒಣಗಿಸಿಟ್ಟು, ಮೈಯ ತೇವ ತೆಗೆಯಲೆಂದು ಸೂಪಿಗೆ ಹಾಕುತ್ತಾರೆ. ಬಿಸಿಬೇಳೆಬಾತಿಗೆ ನಾವು ಹುರಿದು ಹಾಕುವ ಮರಾಠಿ ಮೊಗ್ಗು ಬೂರುಗದ್ದೇ ಎಂದು ಗೊತ್ತಾದ ದಿನ, ಊರಿಂದ ತಂದ ಡಬ್ಬಿ ತೆಗೆದು ಪಕ್ಕದ ಮನೆಗೆ ಓಡಿದ್ದೆ. ಅಜ್ಜಿ ಒಂದು ಮೊಗ್ಗನ್ನು ಮೂಸಿ ನೋಡಿ, ಅದನ್ನು ಹಾಕಿ ಏನು ಮಾಡುತ್ತೀರಿ, ಯಾರಿಗೆ ಕೊಡುತ್ತೀರಿ ಎಂದು ಕೇಳಿದ್ದರು. ಎಲ್ಲರಿಗೂ ಅಂದಿದ್ದೆ. ಆವತ್ತೂ ಅವರ ಮುಖದಲ್ಲಿ ಇದೇ ಅಚ್ಚರಿ ಇತ್ತು. ನನಗೆ ಅರ್ಥವಾಗಿರಲಿಲ್ಲ.

ಮಗಳು ಅವರನ್ನು 'ಪೋಪೋ' ಎನ್ನುತ್ತಾಳೆ, ಇಲ್ಲಿಯ ಕ್ಯಾಂಟನೀಸ್ ಮಾತಿನಲ್ಲಿ ಅಜ್ಜಿ ಅಂತ. ಲಿಫ್ಟಿನ ಮಾತು ನಡೆದ ಸಂಜೆ ಪೋಪೋ ನಮ್ಮ ಅಡುಗೆಮನೆಗೇ ಬಂದರು. ನಾವು ಮಾಂಸ ತಿನ್ನುವುದಿಲ್ಲ ಎಂದು ಅವರಿಗೆ ಗೊತ್ತು, ಹಾಗಾಗಿ ಎಲುಬು ಹಾಕದ ಸೂಪು. ಕೈಯಲ್ಲಿ ಎರಡು ಪೊಟ್ಟಣ: ಒಂದರಲ್ಲಿ ಸಣ್ಣ ಕೆಂಪು ಕಾಳು, ಇನ್ನೊಂದರಲ್ಲಿ ಬಾರ್ಲಿಯಂತೆ ಬೆಳ್ಳಗೆ, ನಡುವೆ ಕಂದು ಗೆರೆಯಿರುವ 'ಯಿಮಿ' ಎಂಬ ಕಾಳು. ಯಿಮಿಯನ್ನು ಒಣ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿದರು. ಬಿಳಿ ಕಾಳು ಹಳದಿಗೆ ತಿರುಗಿ, ಹುರಿದ ಅಕ್ಕಿಯ ಪರಿಮಳ ಬರುವವರೆಗೂ. ಹಸಿ ಯಿಮಿ ತಂಪು, ಹೊಟ್ಟೆ ತಣ್ಣಗಿರುವವರಿಗೆ ಆಗದು. ಹುರಿದರೆ ತಂಪು ಹೋಗುತ್ತದೆ, ತೇವ ಎಳೆಯುವ ಗುಣ ಉಳಿಯುತ್ತದೆ. ಅದಕ್ಕೆ ಒಂದು ಚೂರು ಹಳೆಯ ಕಿತ್ತಳೆ ಸಿಪ್ಪೆ, ಎರಡು ಬಿಲ್ಲೆ ಶುಂಠಿ. ಅದು ನನಗೆ. ಮಗಳಿಗೆ ಬೇರೆ: ಸಿಪ್ಪೆ ತೆಗೆದ ಪೇರ್ ಹಣ್ಣು ಬೇಯಿಸಿದ ನೀರು, ಸಂಜೆಗೆ ಸೇವಂತಿಗೆ ಹೂವಿನ ಚಹಾ, ಒಂದು ವಾರ ಚಿಪ್ಸ್ ಇಲ್ಲ. ಎರಡು ಒಲೆ, ಎರಡು ಪಾತ್ರೆ.

ಇದು ಪೋಪೋ ಒಬ್ಬರ ಮನೆಮದ್ದಲ್ಲ. ಬೀಜಿಂಗ್‌ನ ಚೀನೀ ವೈದ್ಯಕೀಯ ವಿಶ್ವವಿದ್ಯಾಲಯದ ವಾಂಗ್ ಚಿ ಎಂಬ ಪ್ರಾಧ್ಯಾಪಕರು 1970ರ ದಶಕದ ಕೊನೆಯಿಂದ ಈ ದೇಹಪ್ರಕೃತಿಗಳ ಮೇಲೆ ಕೆಲಸ ಮಾಡಿ, ಮನುಷ್ಯರನ್ನು 9 ಬಗೆಯಾಗಿ ವಿಂಗಡಿಸಿದ್ದಾರೆ. 2009ರಲ್ಲಿ ಚೀನೀ ವೈದ್ಯ ಸಂಘ ಅದನ್ನೇ ಮಾನದಂಡವಾಗಿ ಹೊರಡಿಸಿತು. ಸಮತೋಲದ ದೇಹ ಒಂದು, ಉಳಿದ ಎಂಟೂ ಒಂದೊಂದು ಕಡೆ ವಾಲಿದವು: ಚಿ ಎಂಬ ಜೀವಶಕ್ತಿ ಕಡಿಮೆಯಿರುವುದು, ಒಳಗಿನ ಬಿಸಿ ಸಾಲದ ಯಾಂಗ್ ಕೊರತೆ, ಒಳಗಿನ ತಂಪು ಸಾಲದ ಯಿನ್ ಕೊರತೆ, ಕಫ-ತೇವ, ತೇವ-ಉಷ್ಣ, ರಕ್ತ ಕಟ್ಟಿದ್ದು, ಚಿ ಕಟ್ಟಿದ್ದು, ಹುಟ್ಟಿನಿಂದ ಅಲರ್ಜಿಯ ಮೈ. ಯಾಂಗ್ ಕೊರತೆಯವರು ಕಲ್ಲಂಗಡಿ, ಹಸಿ ಸೌತೆ, ಫ್ರಿಜ್ಜಿನ ನೀರು ಬಿಡಬೇಕು, ಶುಂಠಿ ತಿನ್ನಬೇಕು. ಯಿನ್ ಕೊರತೆಯವರಿಗೆ ಅದೇ ಶುಂಠಿ, ಖಾರ ಒಳ್ಳೆಯದಲ್ಲ. ಕಫ-ತೇವದವರು ಸಿಹಿ, ಜಿಡ್ಡು ಕಡಿಮೆ ಮಾಡಬೇಕು. ಒಬ್ಬರ ಮದ್ದು ಇನ್ನೊಬ್ಬರಿಗೆ ತೊಂದರೆ. ಇಡೀ ಶಾಸ್ತ್ರದ ಬೇರು ಇದರಲ್ಲಿದೆ ಎಂದು ನನಗನ್ನಿಸುತ್ತದೆ.

ನಮ್ಮ ವಾತ-ಪಿತ್ತ-ಕಫಕ್ಕೆ ಇದನ್ನು ಸರಿಹೊಂದಿಸಲು ನಾನು ಹೋಗುವುದಿಲ್ಲ. ಎರಡೂ ಬೇರೆ ಬೇರೆ ಲೆಕ್ಕಾಚಾರ. ಇದರಿಂದ ಕಾಯಿಲೆ ಗುಣವಾಗುತ್ತದೆ ಎಂದೂ ಹೇಳುತ್ತಿಲ್ಲ. ಮಗಳಿಗೆ ಜ್ವರ ಬಂದ ರಾತ್ರಿ ಮೊದಲು ಆಸ್ಪತ್ರೆಗೆ ಹೊರಡು ಎಂದು ಟ್ಯಾಕ್ಸಿ ಕರೆದವರು ಇದೇ ಪೋಪೋ. ಆದರೆ ಊಟಕ್ಕೆ ಕೂತಾಗ ಈ ಜನರ ಬಾಯಲ್ಲಿ ಸದಾ ಇದೇ ಮಾತು. ಲಿಚಿಯ ಕಾಲ ಬಂದರೆ "ಒಂದು ತುತ್ತು ಲಿಚಿ, ಮೂರು ಪಂಜು ಬೆಂಕಿ" ಎನ್ನುತ್ತಾರೆ, ಉಪ್ಪುನೀರಿನಲ್ಲಿ ನೆನೆಸಿ ತಿನ್ನುತ್ತಾರೆ. ಏಡಿ ತಂಪು, ಹಾಗಾಗಿ ಪಕ್ಕದಲ್ಲಿ ಶುಂಠಿ. ಬೀದಿಗೊಂದು ಕಷಾಯದ ಅಂಗಡಿ. ಬಿಳಿ ಕಾಲರಿನ ಹುಡುಗರು ಆಫೀಸಿನಿಂದ ಬರುವಾಗ ನಿಂತು, ಕಪ್ಪಗಿನ ಕಹಿಯನ್ನು ಗುಟುಕರಿಸಿ ಹೋಗುತ್ತಾರೆ. ಈ ಕಷಾಯದ ಸಂಪ್ರದಾಯವನ್ನು ಚೀನಾ 2006ರಲ್ಲೇ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಾಚಿಕೆಪಟ್ಟುಕೊಂಡು ಕುಡಿಯುವವರನ್ನು ನಾನು ಒಬ್ಬರನ್ನೂ ನೋಡಿಲ್ಲ.

ನಿನ್ನ ಅಮ್ಮ ಹೇಳಿಕೊಡಲಿಲ್ಲವಾ?

ಹೇಳಿಕೊಟ್ಟಿದ್ದಳು. ನಮ್ಮ ಮನೆಯಲ್ಲಿ ಅಡುಗೆ ಒಂದೇ, ಬಡಿಸುವಾಗ ನಾಲ್ಕಾಗುತ್ತಿತ್ತು. ಅಪ್ಪನದ್ದು ಪಿತ್ತದ ಮೈ, ಅವರ ಬಟ್ಟಲಿಗೆ ಒಂದೆಲಗದ ತಂಬುಳಿ, ಸಾರಿನ ತಿಳಿ ಮಾತ್ರ. ತಮ್ಮ ಉಷ್ಣ. ಬೇಸಿಗೆ ಬಂದರೆ ಅವನಿಗೆ ಮೂಗಿನಲ್ಲಿ ರಕ್ತ, ಹಾಗಾಗಿ ಕುಚ್ಚಲಕ್ಕಿ ಗಂಜಿಗೆ ತಣ್ಣನೆಯ ಮಜ್ಜಿಗೆ. ನನ್ನದು ಶೀತ. ರಾತ್ರಿ ಮೊಸರಿಗೆ ಕೈ ಚಾಚಿದರೆ ಅಮ್ಮ ಬಟ್ಟಲನ್ನೇ ದೂರ ಸರಿಸುತ್ತಿದ್ದಳು. ಹಗಲು ಕೊಟ್ಟರೂ ಮೇಲೊಂದು ಚಿಟಿಕೆ ಕಾಳುಮೆಣಸಿನ ಪುಡಿ. ಹಸಿದು ಹಲಸು, ಉಂಡು ಮಾವು ಎಂದು ಅವಳು ಗಾದೆ ಹೇಳಿ ಸುಮ್ಮನಾಗುತ್ತಿರಲಿಲ್ಲ. ತಮ್ಮನಿಗೆ ಎಷ್ಟು ಸೊಳೆ, ನನಗೆ ಎಷ್ಟು ಎಂದು ಎಣಿಸಿಯೇ ಕೊಡುತ್ತಿದ್ದಳು.

ಆಟಿ ಅಮಾವಾಸ್ಯೆಯ ಬೆಳಗ್ಗೆ ಇನ್ನೂ ಕತ್ತಲಿರುವಾಗ ಅಪ್ಪ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತರುತ್ತಿದ್ದರು. ಕತ್ತಿ ತಾಗಿಸುವಂತಿಲ್ಲ. ಅಮ್ಮ ಅದನ್ನು ಬೆಳ್ಳುಳ್ಳಿ, ಓಮ, ಕಾಳುಮೆಣಸಿನ ಜೊತೆ ಅರೆದು ರಸ ಹಿಂಡಿ, ಒಲೆಯ ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದಕ್ಕೆ ಹಾಕುತ್ತಿದ್ದಳು. ಚುಂಯ್ ಎಂದು ಹೊಗೆ ಏಳುತ್ತಿತ್ತು. ಖಾಲಿ ಹೊಟ್ಟೆಗೆ ಆ ಕಹಿ. ಕಷಾಯ ಉಷ್ಣ ಎಂದು ಅದರ ಹಿಂದೆಯೇ ತೆಂಗಿನ ಹಾಲು ಹಾಕಿದ ಮೆಂತೆ ಗಂಜಿ. ತಮ್ಮನಿಗೆ ಕಷಾಯ ಒಂದು ಚಮಚ, ಗಂಜಿ ಎರಡು ಬಟ್ಟಲು. ನನಗೆ ಕಷಾಯ ಅರ್ಧ ಲೋಟ, ಗಂಜಿ ಒಂದೇ ಬಟ್ಟಲು. ಪೋಪೋ ಯಿಮಿ ಹುರಿಯುವಾಗ ನನಗೆ ಕಂಡದ್ದು ಅಮ್ಮನ ಆ ಅಳತೆ.

ಬೆಂಗಳೂರಿಗೆ ಓದಲು ಹೋದ ಮೇಲೆ ನಾನು ಬದಲಾದೆ. ರಜೆಯಲ್ಲಿ ಮನೆಗೆ ಬಂದಾಗ ಊಟದ ಹೊತ್ತಿಗೆ ವಾದ. "ಉಷ್ಣ ಅಂದ್ರೆ ಎಷ್ಟು ಡಿಗ್ರಿ ಅಮ್ಮ? ಥರ್ಮಾಮೀಟರಲ್ಲಿ ತೋರಿಸು" ಎಂದು ಒಂದು ಸಲ ಎಲ್ಲರೆದುರು ಕೇಳಿದ್ದೆ. ಅತ್ತೆಯ ಮಕ್ಕಳು ನಕ್ಕರು. ಅಮ್ಮ ಏನೂ ಹೇಳದೆ ಮೊಸರಿನ ಪಾತ್ರೆಯನ್ನು ನನ್ನ ಮುಂದೆ ಇಟ್ಟು ಒಳಗೆ ಹೋದಳು. ನಾನು ಗೆದ್ದೆ ಎಂದುಕೊಂಡೆ. ಈಗ ಅದೇ ಮಾತನ್ನು ಬೇರೆ ಭಾಷೆಯಲ್ಲಿ ಹೇಳಿದ ಅಜ್ಜಿಗೆ ಲಿಫ್ಟಿನಲ್ಲಿ ವಿಧೇಯಳಾಗಿ ನಾಲಿಗೆ ಚಾಚಿದ್ದೇನೆ. ಪೋಪೋಗೂ ಡಿಗ್ರಿ ಗೊತ್ತಿಲ್ಲ. ಅವರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ, ಕೇಳಬೇಕೆಂದು ಅನ್ನಿಸಲೂ ಇಲ್ಲ.

ಭಾನುವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಕೆಮ್ಮುತ್ತಿದ್ದಳು. ಎಂತ ತಿಂದೆ ಬೆಳಿಗ್ಗೆ ಎಂದು ಕೇಳಿದರೆ, ಖಾಲಿ ಹೊಟ್ಟೆಗೆ ಬೂದುಕುಂಬಳದ ಹಸಿ ಜ್ಯೂಸು, ಒಂದು ದೊಡ್ಡ ಲೋಟ ಅಂದಳು. ಎರಡು ತಿಂಗಳಿಂದ ಕುಡಿಯುತ್ತಿದ್ದಾಳಂತೆ. ವಾಟ್ಸಾಪಿನಲ್ಲಿ ಬಂದ ವಿಡಿಯೋದಲ್ಲಿ ಯಾರೋ ಎಲ್ಲರೂ ಕುಡಿಯಬೇಕು ಎಂದಿದ್ದಾರೆ. ಪಕ್ಕದ ಮನೆಯವರೂ ಕುಡಿಯುತ್ತಾರೆ, ತಮ್ಮನ ಹೆಂಡತಿಯೂ ಕುಡಿಯುತ್ತಾಳೆ. ಇಲ್ಲಿ ಪೋಪೋ ಬೂದುಕುಂಬಳವನ್ನು ಸಿಪ್ಪೆ ಸಹಿತ ಬೇಯಿಸುತ್ತಾರೆ, ಅದೂ ಕಡು ಬೇಸಿಗೆಯಲ್ಲಿ. ಮೈ ತಣ್ಣಗಿರುವವರಿಗೆ ಬಡಿಸುವಾಗ ಶುಂಠಿ ಹಾಕದೆ ಕೊಡುವುದಿಲ್ಲ. ಹಸಿಯಾಗಿ ಹಿಂಡಿ ಕುಡಿಯುತ್ತಾರೆ ಎಂದು ಹೇಳಿದರೆ ಅವರು ನಂಬುವುದಿಲ್ಲ.

"ಅಮ್ಮ, ನಿಂದು ಶೀತದ ಮೈ ಅಲ್ವಾ? ನನಗೆ ಬಂದದ್ದೇ ನಿನ್ನಿಂದ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅದೆಲ್ಲ ಇಲ್ಲ ಅಂತ ನೀನೇ ಹೇಳಿದ್ದಲ್ವಾ ಮಗಾ."

ಬೈಗುಳದ ದನಿಯಲ್ಲ. ನಿಜಕ್ಕೂ ನನ್ನ ಮಾತು ನಂಬಿ, ತನಗೆ ಗೊತ್ತಿದ್ದದ್ದನ್ನು ಕೈಬಿಟ್ಟವಳ ದನಿ.

ಊರಿನವರ ಮೇಲೆ ನನಗೆ ಬೇಸರ ಇರುವುದು ಇಲ್ಲೇ. ಹಳೆಯದನ್ನು ಬಿಟ್ಟು ಹೊಸ ವಿಜ್ಞಾನವನ್ನಾದರೂ ಹಿಡಿದಿದ್ದರೆ ಸರಿ. ನಾವು ಅದನ್ನೂ ಮಾಡಲಿಲ್ಲ. ಒಂದು ವರ್ಷ ಎಲ್ಲರಿಗೂ ಸಿರಿಧಾನ್ಯ, ಮುಂದಿನ ವರ್ಷ ಎಲ್ಲರಿಗೂ ನಿಂಬೆ-ಜೇನಿನ ನೀರು, ಆಮೇಲೆ ಎಲ್ಲರಿಗೂ ಬೂದುಕುಂಬಳ. ಆಯುರ್ವೇದದ ಹೆಸರು ಹೇಳಿಯೇ ಮಾರುತ್ತಾರೆ. ಆದರೆ ಎದುರಿಗೆ ಕೂತವನು ಯಾರು, ಅವನ ಮೈ ಎಂಥದ್ದು ಎಂದು ನೋಡುವ ಕಣ್ಣೇ ಅದರಲ್ಲಿಲ್ಲ. ನಮ್ಮ ಅಮ್ಮಂದಿರಿಗೆ ಆ ಕಣ್ಣಿತ್ತು. ಓದಿಬಂದ ಮಕ್ಕಳಾದ ನಾವು ಅದನ್ನು ಮುಚ್ಚಿಸಿದೆವು, ಆಮೇಲೆ ಅವರ ಕೈಗೆ ಮೊಬೈಲು ಕೊಟ್ಟೆವು.

ಪೋಪೋಗೆ ಈ ವಿಷಯ ಹೇಳಿದೆ. ಅವರು ತಮ್ಮ ಕಪಾಟಿನಿಂದ ಒಂದು ಹಾಳೆ ತಂದುಕೊಟ್ಟರು. 2013ರಿಂದ ಇಲ್ಲಿ 65 ದಾಟಿದವರಿಗೆ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ದೇಹಪ್ರಕೃತಿ ನೋಡಿ, ಏನು ತಿನ್ನಬೇಕು, ಹೇಗೆ ಇರಬೇಕು ಎಂದು ಹೇಳುವ ಏರ್ಪಾಡಿದೆ, ದುಡ್ಡಿಲ್ಲದೆ. ಅದಕ್ಕೆ 33 ಪ್ರಶ್ನೆ. ಕಳೆದ ಒಂದು ವರ್ಷ ನೆನಪಿಸಿಕೊಂಡು, ಇಲ್ಲವೇ ಇಲ್ಲ ಎಂಬಲ್ಲಿಂದ ಯಾವಾಗಲೂ ಎಂಬವರೆಗೆ ಐದರಲ್ಲಿ ಒಂದಕ್ಕೆ ಗುರುತು ಹಾಕಬೇಕು.

ನಿನ್ನೆ ರಾತ್ರಿ ಮಗಳು ಆ ಹಾಳೆ ಹಿಡಿದು, ಊರಿನ ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಫೋನಿನ ಎದುರು ಕೂತಳು. ಅವಳಿಗೆ ಒಂಬತ್ತು ವರ್ಷ. ಚೀನೀ ಲಿಪಿ ಓದುವುದು, ಮನಸ್ಸಿನಲ್ಲೇ ಕನ್ನಡ ಮಾಡಿಕೊಳ್ಳುವುದು, ಆಮೇಲೆ ಕೇಳುವುದು. "ಅಜ್ಜಿ, ಬೇಗ ಸುಸ್ತಾಗ್ತದಾ? ಕೈಕಾಲು ತಣ್ಣಗೆ ಆಗ್ತದಾ? ತಣ್ಣನೆಯದು ತಿಂದ್ರೆ ಹೊಟ್ಟೆಗೆ ಆಗುದಿಲ್ವಾ?" ಅಮ್ಮ ಉತ್ಸಾಹದಿಂದ ಉತ್ತರ ಕೊಡುತ್ತಿದ್ದಳು. ಆಗ್ತದೆ ಪುಟ್ಟಿ, ಚಳಿಗೆ ಕಾಲಿನ ಬೆರಳು ಮಂಜುಗಡ್ಡೆ. ಮೊಸರು ತಿಂದ್ರೆ ಮರುದಿನವೇ ಕೆಮ್ಮು, ನಿನ್ನ ಅಮ್ಮನಿಗೂ ಹಾಗೆಯೇ, ಸಣ್ಣದಿರುವಾಗ ನಾನು ಕೊಡ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಅವಳ ಬಾಯಲ್ಲಿ ಉಷ್ಣ-ಶೀತದ ಮಾತು ತಡೆಯಿಲ್ಲದೆ ಬಂತು. ನಾನು ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದೆ.

ಏಳನೆಯ ಪ್ರಶ್ನೆ ಮಗಳಿಗೆ ಸ್ವಲ್ಪ ಕಷ್ಟವಾಗಿ ಬಿಟ್ಟಿಟ್ಟಿದ್ದಳು. ಉಳಿದದ್ದೆಲ್ಲ ಮುಗಿಸಿ ಮತ್ತೆ ಅಲ್ಲಿಗೆ ಬಂದಳು. ಬೆರಳಿಟ್ಟು ಎರಡು ಸಲ ಓದಿಕೊಂಡಳು.

"ಅಜ್ಜಿ, ಮೊದಲಿನ ಹಾಗೆ ಇಲ್ಲದೆ ಜೀವನ ಬದಲಾಯ್ತಲ್ವಾ, ಅದಕ್ಕೆ ನಿಮಗೆ ಒಬ್ಬರೇ ಇದ್ದ ಹಾಗೆ ಅನ್ನಿಸ್ತದಾ? ಯಾವಾಗಲಾದರೊಮ್ಮೆಯಾ, ಆಗಾಗಲಾ, ಯಾವಾಗಲೂವಾ?"

ನಲ್ಲಿ ನಿಲ್ಲಿಸಿದೆ. ಫೋನಿನಲ್ಲಿ ಊರಿನ ಜೀರುಂಡೆಯ ಸದ್ದು ಮಾತ್ರ ಕೇಳುತ್ತಿತ್ತು.

"ಇದೆಂತ ಪ್ರಶ್ನೆ ಪುಟ್ಟಿ, ಊಟದ ಬಗ್ಗೆ ಅಲ್ವಾ ಕೇಳುವುದು" ಅಂದಳು ಅಮ್ಮ. ಆಮೇಲೆ, "ನಿನ್ನ ಬಾಯಿಹುಣ್ಣು ಹೇಗುಂಟು? ರಾತ್ರಿ ಮಲಗುವಾಗ ತುಪ್ಪ ಹಚ್ಚಿಕೊ."

ಹಾಳೆ ಈಗ ಫ್ರಿಜ್ಜಿನ ಬಾಗಿಲಿನಲ್ಲಿದೆ. ಮೂವತ್ತೆರಡು ಸಾಲಿಗೆ ಮಗಳ ಪೆನ್ಸಿಲಿನ ಗುರುತು ಬಿದ್ದಿದೆ.