ಫಿಸಿಯೋಥೆರಪಿ ವಿಭಾಗಕ್ಕೆ ಬರುವ ಹೊಸ ಸಹಾಯಕರು

ನಮ್ಮ ವಿಭಾಗಕ್ಕೆ ಹೊರಗುತ್ತಿಗೆಯ ಮೇಲೆ ಹೊಸ ಸಹಾಯಕರು ಸೇರಿದಾಗ ಮೊದಲ ದಿನ ನಾನು ಯಾವ ಯಂತ್ರವನ್ನೂ ತೋರಿಸುವುದಿಲ್ಲ. ಅವರನ್ನೇ ವೀಲ್‌ಚೇರಿನಲ್ಲಿ ಕೂರಿಸಿ, ಬಲಗೈಯನ್ನು ಮೈಗೆ ಸೇರಿಸಿ ಕಟ್ಟಿ, ಬಲಗಾಲು ಊರದೆ ಮಂಚಕ್ಕೆ ದಾಟಲು ಹೇಳಿ, ನಾನು ಪಕ್ಕದಲ್ಲಿ ನಿಲ್ಲುತ್ತೇನೆ. ಬ್ರೇಕ್ ಹಾಕದ ಕುರ್ಚಿ ಅರ್ಧ ಏಳುವಷ್ಟರಲ್ಲಿ ಹಿಂದಕ್ಕೆ ಜಾರಿದಾಗ ಎದೆ ಧಸಕ್ಕೆನ್ನುವುದನ್ನು ಒಮ್ಮೆ ಅನುಭವಿಸಿದವರು ರೋಗಿಯನ್ನು ಎಬ್ಬಿಸುವ ಮೊದಲು ಬ್ರೇಕ್ ಹಾಕುವುದನ್ನು ಮರೆತದ್ದನ್ನು ನಾನು ಕಂಡಿಲ್ಲ.

ಕಲಿಸುವುದಕ್ಕಿಂತ ಬಿಡಿಸುವುದು ಕಷ್ಟದ ಕೆಲಸ. ಹಿರಿಯರು ಏಳಲು ಹೊರಟರೆ ಕೈಹಿಡಿದು ಎಬ್ಬಿಸುವುದು ನಮ್ಮ ಮನೆಗಳಲ್ಲಿ ಎಳವೆಯಿಂದ ಬಂದ ರೂಢಿ. ಆದರೆ ಪಾರ್ಶ್ವವಾಯುವಾದವರ ಭುಜದ ಕೀಲನ್ನು ಹಿಡಿದಿಡಬೇಕಾದ ಸ್ನಾಯುಗಳು ಸಡಿಲವಾಗಿರುವುದರಿಂದ, ಪ್ರೀತಿಯಿಂದ ಎಳೆದ ಅದೇ ಕೈ ಕೀಲಿನ ಜಾಗ ಬಿಟ್ಟು ಸರಿದು ತಿಂಗಳುಗಟ್ಟಲೆ ನೋವು ಕೊಡಬಹುದು. ಆದ್ದರಿಂದ ಕುರ್ಚಿಯನ್ನು ಶಕ್ತಿಯಿರುವ ಪಕ್ಕಕ್ಕೆ ತಂದು, ಕಾಲಿಡುವ ಹಲಗೆಗಳನ್ನು ಮೇಲೆತ್ತಿ, ರೋಗಿಯ ಪಾದಗಳು ಮೊಣಕಾಲಿಗಿಂತ ತುಸು ಹಿಂದಿರುವಂತೆ ಇಟ್ಟು, ಸೊಂಟದ ಬಳಿ ಹಿಡಿದು, "ಅಜ್ಜಾ, ಮುಂದಕ್ಕೆ ಬಾಗಿ, ನಿಧಾನವಾಗಿ ಏಳಿ" ಎನ್ನುವುದನ್ನು ನಾವು ಪರಸ್ಪರರ ಮೇಲೆ ಹತ್ತಾರು ಬಾರಿ ಅಭ್ಯಾಸ ಮಾಡುತ್ತೇವೆ. ಆತ ತಾನಾಗಿ ಏಳಬಲ್ಲಷ್ಟನ್ನು ಆತನಿಗೇ ಬಿಡಬೇಕೆಂಬುದು ಹೊಸಬರಿಗೆ ಮೊದಲು ನಿರ್ದಯೆಯಂತೆ ತೋರುತ್ತದೆ. ಹಾಗೆ ತೋರುವುದು ಸಹಜವೆಂದೇ ಅವರಿಗೆ ಹೇಳುತ್ತೇನೆ.

ಇಷ್ಟು ಪಟ್ಟು ಹಿಡಿಯಲು ಕಾರಣ ಹಿಂದೆ ಕೆಲಸ ಮಾಡಿದ ಆಸ್ಪತ್ರೆಯೊಂದರಲ್ಲಿ ನಡೆದ ಘಟನೆ. ನೋವಿರುವ ಜಾಗಕ್ಕೆ ಶಾಖ ಕೊಡುವ ಹಾಟ್ ಪ್ಯಾಕ್‌ಗಳನ್ನು ಕಾಯಿಸುವ ತೊಟ್ಟಿಯ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಿರುತ್ತದೆ. ಪ್ಯಾಕ್ ಮತ್ತು ಚರ್ಮದ ನಡುವೆ ಆರರಿಂದ ಎಂಟು ಪದರ ಟವೆಲ್ ಇರಬೇಕು. ಓಪಿಡಿ ತುಂಬಿ ತುಳುಕುತ್ತಿದ್ದ ದಿನ, ಸೇರಿ ಎರಡೇ ವಾರವಾಗಿದ್ದ ಹುಡುಗನಿಗೆ "ಆ ಯಜಮಾನರ ಮೀನಖಂಡಕ್ಕೆ ಪ್ಯಾಕ್ ಹಾಕು" ಎಂದು ಹೇಳಿ ನಾನು ಬೇರೆಡೆ ಹೋದೆ. ಅವನು ಎರಡು ಪದರ ಹಾಕಿದ್ದ. ಬಿಸಿ ಹೆಚ್ಚಾಯಿತೇ ಎಂದು ಕೇಳಿಯೂ ಇದ್ದ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದ ಅವರು "ಏನೂ ಗೊತ್ತಾಗ್ತಿಲ್ಲಪ್ಪ, ಇರಲಿ" ಎಂದಿದ್ದರು. ಪ್ಯಾಕ್ ತೆಗೆದಾಗ ಬೊಬ್ಬೆ ಎದ್ದಿತ್ತು. ಕಾರಣ ಕೇಳುವ ನೋಟಿಸ್ ಹುಡುಗನಿಗೆ ಹೋಯಿತು. ಸ್ಪರ್ಶಜ್ಞಾನವನ್ನು ಪರೀಕ್ಷಿಸಬೇಕಾದವಳು ನಾನು, ಪದರ ಎಣಿಸಲು ಕಲಿಸಬೇಕಾದವಳೂ ನಾನೇ ಎಂದು ಮೇಲಧಿಕಾರಿಗಳಿಗೆ ಬರೆದುಕೊಟ್ಟರೂ ನೋಟಿಸ್ ಹಿಂದಕ್ಕೆ ಬರಲಿಲ್ಲ. ತಿಂಗಳೊಳಗೆ ಅವನು ಕೆಲಸ ಬಿಟ್ಟ.

ಅಂದಿನಿಂದ ಆ ಪರೀಕ್ಷೆಯನ್ನು ಯಾರಿಗೂ ಒಪ್ಪಿಸಿಲ್ಲ. ಐದು ನಿಮಿಷಕ್ಕೊಮ್ಮೆ ಟವೆಲ್ ಎತ್ತಿ ಚರ್ಮ ನೋಡುವುದನ್ನು ಸಹಾಯಕರಿಗೆ ಕಲಿಸುತ್ತೇನೆ, "ಗೊತ್ತಾಗ್ತಿಲ್ಲ" ಎಂಬ ಮಾತು ಕಿವಿಗೆ ಬಿದ್ದ ಕ್ಷಣವೇ ಪ್ಯಾಕ್ ತೆಗೆದು ನನ್ನನ್ನು ಕರೆಯಬೇಕೆಂದು ಹೇಳುತ್ತೇನೆ. 2021ರ ರಾಷ್ಟ್ರೀಯ ಕಾಯ್ದೆ ಫಿಸಿಯೋಥೆರಪಿಸ್ಟರ ಶಿಕ್ಷಣ ಮತ್ತು ನೋಂದಣಿಯನ್ನು ತನ್ನ ವ್ಯಾಪ್ತಿಗೆ ತಂದಿದೆ. ಆದರೆ ರೋಗಿಯ ಮೈಯನ್ನು ದಿನವಿಡೀ ಮುಟ್ಟುವ ಈ ಸಹಾಯಕರಿಗೆ ನಾನು ಕಂಡ ಆಸ್ಪತ್ರೆಗಳಲ್ಲಿ ಸಮವಸ್ತ್ರವನ್ನು ಬಿಟ್ಟರೆ ಬೇರೇನೂ ಸಿಕ್ಕಿದ್ದಿಲ್ಲ. ಇದು ನನ್ನನ್ನು ತುಂಬ ನೋಯಿಸುತ್ತದೆ. ತಪ್ಪನ್ನು ರೋಗಿಯೆದುರು ತಿದ್ದುವುದನ್ನೂ ನಾನು ಬಿಟ್ಟಿದ್ದೇನೆ. ಅವಮಾನಗೊಂಡವರು ಮುಂದಿನ ಸಲ ಕೇಳುವುದಿಲ್ಲ, ಕೇಳದೇ ಮಾಡುತ್ತಾರೆ.

ಕಳೆದ ವಾರ ಸೊಂಟದ ಕೀಲು ಬದಲಿಸಿಕೊಂಡ ಅಜ್ಜಿಯೊಬ್ಬರನ್ನು ವಾಕರ್ ಹಿಡಿಸಿ ನಡೆಸಲು ವಾರ್ಡಿಗೆ ಹೋಗಿದ್ದೆವು. ನಾನು ವಾಕರ್‌ನ ಎತ್ತರ ಸರಿಪಡಿಸುತ್ತಿದ್ದಾಗ, ನಾಲ್ಕು ತಿಂಗಳ ಹಿಂದೆ ಸೇರಿದ ಹುಡುಗಿ ಮೆಲ್ಲಗೆ ನನ್ನ ತೋಳು ಮುಟ್ಟಿ, "ಮೇಡಂ, ಕೂತ ಕೂಡಲೇ ಅಜ್ಜಿಯ ಹಣೆ ಬೆವರ್ತಿದೆ, ಮಾತೂ ನಿಲ್ಲಿಸಿದ್ರು, ಈಗಲೇ ಎಬ್ಬಿಸೋದು ಬೇಡ" ಎಂದಳು. ಅಜ್ಜಿಯನ್ನು ಮಲಗಿಸಿ, ರಕ್ತದೊತ್ತಡ ಅಳೆಯಲು ಸಿಸ್ಟರನ್ನು ಕರೆದೆವು. ಒತ್ತಡ ಇಳಿದಿತ್ತು. ನಡಿಗೆಯನ್ನು ಸಂಜೆಗೆ ಮುಂದೂಡಿದೆವು. ಸಂಜೆ ಅಜ್ಜಿ ಬಾಗಿಲಿನವರೆಗೆ ಹೋಗಿ ಬಂದರು, ಆ ಹುಡುಗಿ ಪಕ್ಕದಲ್ಲೇ ಹೆಜ್ಜೆ ಎಣಿಸುತ್ತಿದ್ದಳು.