ಫೈಲೋ ಮತ್ತು ನನ್ನ ಸೊನ್ನೆ

ಬಿ.ಎ. ಎರಡನೇ ವರ್ಷದ ಟೆಸ್ಟ್‌ನಲ್ಲಿ ನಾನು ‘ಫೈಲೋ ಒಬ್ಬ ಕ್ರೈಸ್ತ ಗುರು’ ಅಂತ ಧೈರ್ಯವಾಗಿ ಬರೆದಿದ್ದೆ. ತತ್ವಶಾಸ್ತ್ರದ ಮೇಷ್ಟ್ರು ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ ಸುತ್ತಿದ್ದರು. ಅದರ ಕೆಳಗೆ, ‘ಬೇಜಾರಾಗಬೇಡ, ಹಳೇ ಕಾಲದ ಕ್ರೈಸ್ತ ಪಂಡಿತ ಜೆರೋಮ್ ಕೂಡ ಇದನ್ನೇ ಮಾಡಿದ್ದ.’

ಮರುದಿನದ ಕ್ಲಾಸ್ ಪೂರ್ತಿ ಆ ಸೊನ್ನೆಯ ಮೇಲೇ ನಡೆಯಿತು.

ಫೈಲೋ ಹುಟ್ಟಿದ್ದು ಕ್ರಿ.ಪೂ. 20ರ ಸುಮಾರಿಗೆ. ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಅಪ್ಪಟ ಯೆಹೂದಿ, ಬರೆದದ್ದು ಮಾತ್ರ ಗ್ರೀಕ್‌ನಲ್ಲಿ. ಬೈಬಲಿನ ಮೋಶೆಯ ಕಥೆಗಳ ಒಳಗೆ ಗ್ರೀಕ್ ತತ್ವಜ್ಞಾನಿ ಪ್ಲೇಟೋನನ್ನು ಹುಡುಕಿದವನು. ಮೇಷ್ಟ್ರು ಬೋರ್ಡಿನ ಮೇಲೆ ಎರಡೇ ಹೆಸರು ಬರೆದರು: ಸಾರಾ, ಹಾಗರ್. ಬೈಬಲಿನ ಕಥೆಯಲ್ಲಿ ಅಬ್ರಹಾಮನ ಹೆಂಡತಿ ಸಾರಾಳಿಗೆ ಮಕ್ಕಳಿಲ್ಲ, ದಾಸಿ ಹಾಗರಳಿಗೆ ಮೊದಲು ಮಗುವಾಗುತ್ತದೆ. ಫೈಲೋ ಪ್ರಕಾರ ಹಾಗರ್ ಅಂದರೆ ವ್ಯಾಕರಣ, ಸಂಗೀತ, ರೇಖಾಗಣಿತ. ಸಾರಾ ಅಂದರೆ ವಿವೇಕ. ದಾಸಿಯ ಮನೆ ಹಾದು ಬಂದವನಿಗೇ ಯಜಮಾನಿ ಸಿಗುವುದು. “ನೀವೆಲ್ಲ ಇನ್ನೂ ಹಾಗರಳ ಮನೆಯಲ್ಲೇ ಇದ್ದೀರಿ” ಅಂದರು. ಹಿಂದಿನ ಬೆಂಚಿನವರೂ ನಕ್ಕರು.

ಕ್ರಿ.ಶ. 200ರ ಹೊತ್ತಿಗೆ ಅದೇ ಊರಲ್ಲಿ ಪಾಠ ಹೇಳುತ್ತಿದ್ದ ಕ್ರೈಸ್ತ ಗುರು ಕ್ಲೆಮೆಂಟ್ ಈ ಕಥೆಯನ್ನು ಎತ್ತಿಕೊಂಡ. ದಾಸಿಯ ಜಾಗಕ್ಕೆ ಗ್ರೀಕ್ ತತ್ವಶಾಸ್ತ್ರ ಬಂತು, ಯಜಮಾನಿಯ ಜಾಗಕ್ಕೆ ಕ್ರೈಸ್ತ ಜ್ಞಾನ. ಸಾಲ ತಂದ ಒಡವೆಯನ್ನು ಕರಗಿಸಿ ಬೇರೆ ಮಾಡಿಸಿದ ಹಾಗೆ, ಅಲ್ವಾ?

ಮುಂದೆ ಕ್ರೈಸ್ತರು ಕಥೆ ಮಾತ್ರವಲ್ಲ, ಜನರನ್ನೂ ತಮ್ಮವರೆಂದು ಸೇರಿಸಿಕೊಂಡರು. ಅಲೆಕ್ಸಾಂಡ್ರಿಯಾ ಪಕ್ಕದ ಮರೆಯೋಟಿಸ್ ಸರೋವರದ ಹತ್ತಿರ ಧ್ಯಾನ, ಉಪವಾಸ ಮಾಡಿಕೊಂಡಿದ್ದ ಒಂದು ಗುಂಪಿನ ಬಗ್ಗೆ ಫೈಲೋ ಬರೆದಿದ್ದ. 4ನೇ ಶತಮಾನದಲ್ಲಿ ಚರ್ಚಿನ ಇತಿಹಾಸ ಬರೆದ ಯೂಸೇಬಿಯಸ್ ಅದನ್ನು ಓದಿ, ಇವರು ಕ್ರೈಸ್ತರೇ ಅಂದುಬಿಟ್ಟ. ಫೈಲೋ ರೋಮಿನಲ್ಲಿ ಯೇಸುವಿನ ಶಿಷ್ಯ ಪೇತ್ರನನ್ನು ಕಂಡಿದ್ದನಂತೆ ಅಂತಲೂ ಸೇರಿಸಿದ. ಜೆರೋಮ್ ಕ್ರೈಸ್ತ ಲೇಖಕರ ಪಟ್ಟಿಯಲ್ಲೇ ಫೈಲೋನ ಹೆಸರು ಹಾಕಿದ. ಯೆಹೂದಿ ಪಂಡಿತರು ಮಾತ್ರ ಅವನನ್ನು ಮರೆತೇಬಿಟ್ಟಿದ್ದರು. 16ನೇ ಶತಮಾನದಲ್ಲಿ ಇಟಲಿಯ ಯೆಹೂದಿ ಪಂಡಿತ ಅಜರಿಯಾ ದೆ ರೊಸ್ಸಿ ಅವನನ್ನು ಮತ್ತೆ ಓದಿದ. ಕ್ರೈಸ್ತರು ನಮ್ಮವನೇ ಅಂದುಕೊಂಡು ನಕಲು ಮಾಡದಿದ್ದರೆ ಓದಲು ಏನೂ ಉಳಿಯುತ್ತಿರಲಿಲ್ಲ. ನನ್ನ ಸೊನ್ನೆಯ ತಪ್ಪಿಗೂ ಒಂದು ಉಪಯೋಗ ಇತ್ತು ಅಂತ ನಾನು ಸುಮ್ನೆ ಖುಷಿಪಟ್ಟೆ.

ಕೊನೆಗೆ ಹೇಳಿದ್ದು ಈಜಿಪ್ಟಿನ ಕೊಪ್ಟೋಸ್‌ನ ಸಂಗತಿ. 1889ರಲ್ಲಿ ಅಲ್ಲಿ ಒಂದು ಗೋಡೆಯೊಳಗೆ ಪಪೈರಸ್ ಪುಸ್ತಕ ಸಿಕ್ಕಿತು. ಒಳಗೆ ಫೈಲೋನ ಬರಹ. ಬೈಂಡಿಗೆ ತುಂಬಿದ್ದ ಹಳೇ ಚೂರುಗಳು ಬೈಬಲಿನ ಲೂಕನ ಸುವಾರ್ತೆಯವು! ಅವು ಈಗ ಪ್ಯಾರಿಸ್‌ನಲ್ಲಿವೆ. ಒಮ್ಮೆ ನೋಡಿ ಬರಬೇಕು ಅನ್ನುತ್ತಿದ್ದರು ಮೇಷ್ಟ್ರು. ಅವರು ರಿಟೈರ್ ಆಗಿ ಬಹಳ ವರ್ಷವಾಯಿತು. ಹೋಗಿ ಬಂದರಾ ಅಂತ ಕೇಳಬೇಕು.