ಇಪ್ಪತ್ತು ಸಾವಿರದ ಮನೆಗೆ ತಿಂಗಳಿಗೆ ನಿಜವಾಗಿ ಎಷ್ಟು ಬೀಳುತ್ತದೆ?

ಬೆಂಗಳೂರಿನಲ್ಲಿ ಮನೆ ಹುಡುಕುವವರು ಮೊದಲು ಕೇಳುವುದು ಬಾಡಿಗೆ ಎಷ್ಟೆಂದು, ಆಮೇಲೆ ಕೇಳುವುದು ಅಡ್ವಾನ್ಸ್ ಎಷ್ಟೆಂದು. ಖಾಲಿ ಮಾಡುವಾಗ ಅದರಲ್ಲಿ ಎಷ್ಟು ಹಿಡಿದುಕೊಳ್ಳುತ್ತೀರಿ, ಉಳಿದದ್ದನ್ನು ಯಾವಾಗ ಕೊಡುತ್ತೀರಿ ಎಂದು ಕೇಳಲು ಮಾತ್ರ ನಮಗೆ ಸಂಕೋಚ. ಮನೆಗೆ ಕಾಲಿಡುವ ಮುಂಚೆಯೇ ಬಿಡುವ ಮಾತೇಕೆ ಎಂಬ ಭಾವನೆ. ತಂಗಿಯ ಸಂಸಾರಕ್ಕೆಂದು ಬನಶಂಕರಿ, ಕತ್ರಿಗುಪ್ಪೆ, ಹೊಸಕೆರೆಹಳ್ಳಿಗಳಲ್ಲಿ ಟು-ಲೆಟ್ ಬೋರ್ಡುಗಳನ್ನು ನೋಡಿಕೊಂಡು ಅಲೆದ ಮೇಲೆ, ಬಾಡಿಗೆ ಮನೆಯ ಬಜೆಟ್ಟನ್ನು ಈ ಮೂರನೆಯ ಪ್ರಶ್ನೆಯಿಂದಲೇ ಶುರು ಮಾಡಬೇಕು ಎಂಬ ಅಭಿಪ್ರಾಯಕ್ಕೆ ನಾನು ಬಂದಿದ್ದೇನೆ.

ಲೆಕ್ಕ ಹಾಕಿ ನೋಡೋಣ. ಬಾಡಿಗೆ 20,000 ರೂಪಾಯಿ. ಅಡ್ವಾನ್ಸ್ ಈ ಊರಿನ ಹಳೆಯ ವಾಡಿಕೆಯಂತೆ ಹತ್ತು ತಿಂಗಳದ್ದು, ಅಂದರೆ 2,00,000. ಬ್ರೋಕರ್ ಮೂಲಕ ಹೋದರೆ ಅವರಿಗೆ ಒಂದು ತಿಂಗಳ ಬಾಡಿಗೆ, ಬಿಡುವಾಗ ಪೇಂಟಿಂಗ್ ಎಂದು ಓನರ್ ಮುರಿದುಕೊಳ್ಳುವುದು ಇನ್ನೊಂದು ತಿಂಗಳ ಬಾಡಿಗೆ. ಅಡ್ವಾನ್ಸ್ ಹಣ ಬ್ಯಾಂಕಿನಲ್ಲಿದ್ದರೆ ಶೇ. 7ರ ಬಡ್ಡಿ ಬರುತ್ತಿತ್ತು ಎಂದಿಟ್ಟುಕೊಂಡರೆ ಒಂದು ಅಗ್ರಿಮೆಂಟಿನ ಅವಧಿಯಾದ ಹನ್ನೊಂದು ತಿಂಗಳಿಗೆ ಸುಮಾರು 12,800 ಕೈತಪ್ಪುತ್ತದೆ. ಇವೆಲ್ಲವನ್ನೂ ಸೇರಿಸಿ ಹನ್ನೊಂದು ತಿಂಗಳಿಗೆ ಹಂಚಿದರೆ ಆ ಮನೆಗೆ ತಿಂಗಳಿಗೆ ಬೀಳುವುದು ಹೆಚ್ಚುಕಡಿಮೆ 24,800. ಅದೇ ಮನೆಯಲ್ಲಿ ಮೂರು ಅಗ್ರಿಮೆಂಟಿನ ಅವಧಿ, ಅಂದರೆ ಮೂವತ್ಮೂರು ತಿಂಗಳು ಉಳಿದರೆ, ಪ್ರತಿ ಸಲವೂ ಬಾಡಿಗೆಯನ್ನು ಶೇ. 5ರಷ್ಟು ಏರಿಸಿದರೂ ಸರಾಸರಿ 23,400ಕ್ಕೆ ನಿಲ್ಲುತ್ತದೆ. ಆದ್ದರಿಂದ ಬಾಡಿಗೆಯಲ್ಲಿ ಸಾವಿರ ರೂಪಾಯಿ ಇಳಿಸಿಕೊಳ್ಳಲು ಚೌಕಾಸಿ ಮಾಡುವುದಕ್ಕಿಂತ, ಮೂರು ವರ್ಷ ನೆಮ್ಮದಿಯಾಗಿ ಇರಬಹುದಾದ ಮನೆಯನ್ನು ಆರಿಸಿಕೊಂಡು, ಪೇಂಟಿಂಗ್ ಹಣವನ್ನು ಇಂತಿಷ್ಟೇ ಎಂದು ಅಗ್ರಿಮೆಂಟಿನಲ್ಲಿ ಬರೆಸಿಕೊಳ್ಳುವುದೇ ಲಾಭ.

ಹೆಚ್ಚಿನವರು ಮುಗ್ಗರಿಸುವುದು ಮನೆ ಬದಲಾಯಿಸುವ ವಾರದಲ್ಲಿ. ಹೊಸ ಓನರ್‌ಗೆ ಪೂರ್ತಿ ಅಡ್ವಾನ್ಸ್ ಕೊಡದೆ ಕೀಲಿಕೈ ಸಿಗುವುದಿಲ್ಲ. ಹಳೆಯ ಮನೆಯ ಕೀಲಿಕೈ ಒಪ್ಪಿಸದೆ ಅಲ್ಲಿಯ ಅಡ್ವಾನ್ಸ್ ವಾಪಸ್ ಬರುವುದಿಲ್ಲ. ಎಷ್ಟೋ ಓನರ್‌ಗಳು ನಮ್ಮ ಅಡ್ವಾನ್ಸನ್ನು ಮನೆಯ ಸಾಲಕ್ಕೋ ಮಗಳ ಮದುವೆಗೋ ಬಳಸಿಕೊಂಡಿರುತ್ತಾರೆ. ಮುಂದಿನ ಬಾಡಿಗೆದಾರ ಬಂದು ತನ್ನ ಅಡ್ವಾನ್ಸ್ ಕೊಟ್ಟ ಮೇಲೆಯೇ ನಮ್ಮದನ್ನು ತೀರಿಸುತ್ತಾರೆ. ಇದರಲ್ಲಿ ಮೋಸವೇನೂ ಇರಬೇಕಿಲ್ಲ, ಊರೆಲ್ಲ ನಡೆಯುವುದೇ ಹೀಗೆ. ಆದರೆ ಆ ಎರಡು ಮೂರು ವಾರ ಎರಡು ಮನೆಯ ಅಡ್ವಾನ್ಸ್ ನಮ್ಮ ಕೈಯಿಂದ ಹೊರಗಿರುತ್ತದೆ. ಮೊದಲ ತಿಂಗಳ ಬಾಡಿಗೆ, ಲಾರಿ, ಸಾಮಾನು ಎತ್ತಿ ಇಳಿಸುವವರ ಕೂಲಿ ಎಲ್ಲ ಬಂದು ಎರಗುವುದೂ ಅದೇ ವಾರಗಳಲ್ಲಿ. ಈ ಹಣಕ್ಕೆ ದಾರಿ ಮಾಡಿಕೊಳ್ಳದೆ ನೋಟಿಸ್ ಕೊಟ್ಟವರು ಕ್ರೆಡಿಟ್ ಕಾರ್ಡನ್ನೋ ಕೈಸಾಲವನ್ನೋ ನೆಚ್ಚಿಕೊಳ್ಳಬೇಕಾಗುತ್ತದೆ.

ಕಾನೂನು ನಮ್ಮ ಕೈ ಹಿಡಿಯುತ್ತದೆ ಎಂಬ ಭರವಸೆಯೂ ಬೇಡ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿಗೆ ಕೊಟ್ಟ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯುವಂತಿಲ್ಲ ಎಂದಿದೆ. ಆದರೆ ಅದು ಹೆಸರಿಗೆ ತಕ್ಕಂತೆ ಮಾದರಿ ಮಾತ್ರ, ರಾಜ್ಯವು ಅದನ್ನು ಕಾಯ್ದೆ ಮಾಡಿಕೊಳ್ಳದೆ ನಮ್ಮ ಓನರ್‌ಗೆ ಅನ್ವಯಿಸುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಾದರೋ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿದೆ. ಒಂದು ವರ್ಷಕ್ಕೂ ಮೀರಿದ ಕರಾರನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಎಲ್ಲರೂ ಹನ್ನೊಂದು ತಿಂಗಳಿಗೇ ಬರೆಯುತ್ತಾರೆ. ಕೊನೆಗೆ ನಮಗೆ ಆಧಾರ ಆ ಇ-ಸ್ಟ್ಯಾಂಪ್ ಕಾಗದದಲ್ಲಿ ಏನು ಬರೆದಿದೆಯೋ ಅಷ್ಟೇ. ಅಡ್ವಾನ್ಸನ್ನು ಬ್ಯಾಂಕ್ ಖಾತೆಗೇ ಹಾಕಬೇಕು, ಖಾಲಿ ಮಾಡಿದ ಎಷ್ಟು ದಿನದೊಳಗೆ ವಾಪಸ್ ಎಂಬುದನ್ನು ಅಂಕಿಯಲ್ಲಿ ಬರೆಸಬೇಕು.

ಇನ್ನು ನೀರು. ಕತ್ರಿಗುಪ್ಪೆಯ ಒಂದು ಮನೆಯಲ್ಲಿ ಓನರ್ ಅಡುಗೆಮನೆಯ ನಲ್ಲಿ ತಿರುಗಿಸಿ, ರಭಸವಾಗಿ ಸುರಿಯುವ ನೀರನ್ನು ತೋರಿಸಿ, ‘ನೀರಿಗೆ ಮಾತ್ರ ಯೋಚನೆಯೇ ಬೇಡ’ ಎಂದರು. ಸುರಿದದ್ದು ಮೇಲಿನ ಟ್ಯಾಂಕಿನ ನೀರು. ಅದರಿಂದ ತಿಳಿಯುವುದೇನೂ ಇಲ್ಲ. ಕೆಳಗಿನ ಮನೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸನ್ನು ತಂಗಿ ‘ಅಕ್ಕಾ, ಕಾವೇರಿ ಯಾವಾಗ ಬಿಡ್ತಾರೆ?’ ಎಂದು ಕೇಳಿದಾಗ, ‘ದಿನ ಬಿಟ್ಟು ದಿನ ಬರುತ್ತಮ್ಮ, ಬೇಸಿಗೇಲಿ ಟ್ಯಾಂಕರ್ ತರಿಸ್ತಾರೆ, ದುಡ್ಡು ಎಲ್ಲರೂ ಹಂಚ್ಕೊಳ್ಳೋದು’ ಎಂಬ ಉತ್ತರ ಬಂತು. 2024ರ ಮಾರ್ಚ್‌ನ ನೀರಿನ ಬರದಲ್ಲಿ ಜಿಲ್ಲಾಡಳಿತವೇ ಮುಂದಾಗಿ ಆರು ಸಾವಿರ ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗಾದರೆ 600 ರೂಪಾಯಿ ಎಂದು ದರ ಕಟ್ಟಬೇಕಾಯಿತು. ಹಾಗಾಗಿ ಮನೆ ನೋಡಲು ಹೋದಾಗ ಓನರ್ ಜೊತೆ ಅರ್ಧ ಗಂಟೆ ಮಾತಾಡುವುದಕ್ಕಿಂತ ಆ ಕಟ್ಟಡದಲ್ಲೇ ಇರುವ ಬಾಡಿಗೆದಾರರ ಜೊತೆ ಐದು ನಿಮಿಷ ಮಾತಾಡುವುದು ಮೇಲು.

ಕರೆಂಟಿಗೆ ಪ್ರತ್ಯೇಕ ಮೀಟರ್ ಇದೆಯೇ ಎಂದು ನೋಡಿಕೊಳ್ಳಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಹಿಂದಿನವರು ಆ ಮೀಟರಿನ ಆರ್‌ಆರ್ ಸಂಖ್ಯೆಯಿಂದ ತಮ್ಮ ಆಧಾರ್ ಬಿಡಿಸಿಕೊಂಡು ಹೋಗಿರಬೇಕು. ಓಡಾಟದ ಖರ್ಚನ್ನೂ ಬಾಡಿಗೆಯ ಜೊತೆಗೇ ಕೂಡಿಸಬೇಕು: ಭಾವನ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ, 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೋ ಶುರುವಾದದ್ದರಿಂದಲೇ ನಾವು ಬನಶಂಕರಿಯ ಆಸುಪಾಸನ್ನು ಬಿಡದೆ ಹಿಡಿದದ್ದು. ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ಬಿಡುವಾಗ ವಾಪಸ್ ಪಡೆಯುವ ಲೀಸಿನ ಮನೆಗಳೂ ಕಂಡವು. ಬಾಡಿಗೆಯೇ ಇಲ್ಲವೆಂಬುದು ಕೇಳಲು ಚೆನ್ನ. ಆದರೆ ಹತ್ತಾರು ಲಕ್ಷವನ್ನು ಒಬ್ಬರ ಕೈಗಿಡುವ ಮೊದಲು ಋಣಭಾರ ಪತ್ರ ತೆಗೆಸಿ, ಮನೆ ಬ್ಯಾಂಕಿಗೆ ಅಡವಾಗಿದೆಯೇ ಎಂದು ವಕೀಲರಿಂದ ನೋಡಿಸದಿದ್ದರೆ ಅದು ಜೂಜು.

ಹುಡುಕುವ ಕಾಲವೂ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆ ಶುರುವಾಗುವ ಮುಂಚೆ ಸೇರಿಕೊಳ್ಳಬೇಕೆನ್ನುವವರ ನೂಕುನುಗ್ಗಲು. ಆಗ ಓನರ್ ಹೇಳಿದ್ದೇ ದರ. ಆಷಾಢ ಬಂತೆಂದರೆ ಯಾರೂ ಹಾಲು ಉಕ್ಕಿಸುವುದಿಲ್ಲ, ಖಾಲಿ ಉಳಿದ ಮನೆ ಇನ್ನೊಂದು ತಿಂಗಳು ಖಾಲಿಯೇ ಇರುತ್ತದೆ ಎಂಬುದು ಓನರ್‌ಗೂ ಗೊತ್ತು. ಅಮ್ಮ ಆಷಾಢದಲ್ಲಿ ಹೊಸ ಮನೆಗೆ ಹೋಗಲು ಸುತರಾಂ ಒಪ್ಪದ್ದರಿಂದ, ನಾವು ಆ ತಿಂಗಳು ಬರೀ ಮಾತುಕತೆ ಮುಗಿಸಿ, ಟೋಕನ್ ಅಡ್ವಾನ್ಸ್ ಕೊಟ್ಟು, ಬಾಡಿಗೆಯನ್ನು ಶ್ರಾವಣದಿಂದ ಲೆಕ್ಕ ಹಿಡಿಯುವಂತೆ ಕೇಳಿಕೊಂಡೆವು. ಹತ್ತು ತಿಂಗಳ ಅಡ್ವಾನ್ಸ್ ಆರಕ್ಕೆ ಇಳಿಯಿತು. ಪೇಂಟಿಂಗ್ ಹಣದ ವಿಷಯದಲ್ಲಿ ಮಾತ್ರ ಆ ಓನರ್ ಒಂದು ರೂಪಾಯಿಯನ್ನೂ ಬಿಡಲಿಲ್ಲ.